ಒಂದೇ ಬಂಡೆ, ಮೂರು ಸರ್ವೆ ನಂಬರು

ಕೊಡಗಿನ ಸೋಮವಾರಪೇಟೆ ತಾಲೂಕಿನ ಒಂದು ಕಾಫಿ ತೋಟದ ಪ್ರಕರಣ ಇದು. ಜಮೀನಿನ ಕಾಗದಪತ್ರ ಓದಿ ಹೇಳುವುದು ನನ್ನ ಕೆಲಸ. ಹಾಗಾಗಿ ಕಡತ ನನ್ನ ಮೇಜಿಗೆ ಬಂತು. ಮನೆಯವರ ಹೆಸರು, ಊರಿನ ಹೆಸರು ಬಿಟ್ಟಿದ್ದೇನೆ. ಒಳಗೆ ದುಡ್ಡಿನ ಮಾತಿದೆ, ಅಣ್ಣ ತಮ್ಮಂದಿರ ಮಾತಿದೆ, ಗುರುತು ಸಿಗುವುದು ಬೇಡ.

ತೋಟದ ಮೇಲ್ಗಡೆ ಒಂದು ಬಂಡೆ ಇದೆ. ಮೊದಲು ಹೊರಗೆ ಕಾಣುತ್ತಿದ್ದದ್ದು ಸ್ವಲ್ಪವೇ. 2018ರ ಆಗಸ್ಟ್ ಮಳೆಯಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರಿನ ಕಡೆ ಗುಡ್ಡಗಳೇ ಕುಸಿದವಲ್ಲ, ಆಗ ಇಲ್ಲೂ ಒಂದಷ್ಟು ಮಣ್ಣು ಜಾರಿತು. ಪ್ರಾಣಹಾನಿ ಆಗಲಿಲ್ಲ. ಕಾಫಿ ಗಿಡ, ಒಳ್ಳೆಮೆಣಸಿನ ಬಳ್ಳಿ ಹೋಯಿತು. ಮಣ್ಣು ಹೋದ ಜಾಗದಲ್ಲಿ ಬಂಡೆಯ ಮೈ ಬಯಲಾಯಿತು. ಒಳ್ಳೆ ಬೂದು ಕಲ್ಲು, ಬಿರುಕು ಕಡಿಮೆ. ಜಲ್ಲಿಗೂ ಆಗುತ್ತದೆ, ಸೈಜುಗಲ್ಲಿಗೂ ಆಗುತ್ತದೆ.

ಇಂಥ ಕಲ್ಲು ಜಾಸ್ತಿ ದಿನ ಯಾರ ಕಣ್ಣಿಗೂ ಬೀಳದೆ ಇರುವುದಿಲ್ಲ. ಕ್ರಷರ್ ನಡೆಸುವ ಒಬ್ಬರು ಮನೆಗೆ ಬಂದರು. ಹತ್ತು ವರ್ಷದ ಕರಾರು, ಲೋಡಿಗೆ ಇಷ್ಟು, ಮುಂಗಡ ಇಷ್ಟು ಅಂದರು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರು ಕೇಳಿದ್ದು ಒಂದೇ ಮಾತು: "ಕಲ್ಲು ನಮ್ಮದೇ ಹೌದಾ?"

"ನಿಮ್ಮ ಜಾಗ, ನಿಮ್ಮ ಕಲ್ಲು ಯಜಮಾನ್ರೇ. ಸುಪ್ರೀಂ ಕೋರ್ಟೇ ಹೇಳಿದೆ" ಅಂದರು ಬಂದವರು. ಫೋನ್ ತೆಗೆದು ಒಂದು ವಾಟ್ಸಾಪ್ ಮೆಸೇಜ್ ಕೂಡ ತೋರಿಸಿದರು. ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿದರೆ, "ನೆಲದ ಮೇಲಿನ ಬೆಳೆ ನಿಮ್ಮದು, ಒಳಗಿರೋದೆಲ್ಲ ಸರ್ಕಾರದ್ದು" ಎಂಬ ಉತ್ತರ ಬಂತು. ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ, "ಅಣ್ಣ, ಅದು ಅಪ್ಪನ ಆಸ್ತಿ. ನೀನೊಬ್ಬನೇ ಸೈನ್ ಹಾಕೋ ಹಾಗಿಲ್ಲ" ಅಂದ.

ಮೂವರೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿರುವುದು.

ಸುಪ್ರೀಂ ಕೋರ್ಟ್ ಏನು ಹೇಳಿತು

ಆ ಮೆಸೇಜ್‌ನಲ್ಲಿ ಇದ್ದದ್ದು 2013ರ ಜುಲೈ 8ರ ತೀರ್ಪು. ಹೆಸರು ತ್ರೇಸಿಯಮ್ಮ ಜೇಕಬ್ ಪ್ರಕರಣ. ಇದು ಕೇರಳದ ಮಲಬಾರ್ ಭಾಗದ ಜನ್ಮಂ ಜಮೀನುಗಳ, ಅಂದರೆ ಪೂರ್ತಿ ಒಡೆತನದ ಜಮೀನುಗಳ ವಿಷಯ. ಮಾಲೀಕರು ತಮ್ಮ ಜಾಗದಲ್ಲಿ ಕಲ್ಲು ತೆಗೆಯುತ್ತಿದ್ದರು. ಸರ್ಕಾರ ರಾಜಧನ (ರಾಯಲ್ಟಿ) ಕೇಳಿತು. ಕಲ್ಲೇ ನಮ್ಮದು, ನಿಮಗ್ಯಾಕೆ ರಾಜಧನ ಎಂದು ಇವರು ಕೋರ್ಟಿಗೆ ಹೋದರು. ಕೇರಳ ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

ತೀರ್ಪಿನ ತಿರುಳು ಇಷ್ಟು. ನೆಲದಡಿಯ ಖನಿಜವೆಲ್ಲ ಸರ್ಕಾರದ್ದು ಎಂದು ಸಾರುವ ಕಾನೂನು ದೇಶದಲ್ಲಿಲ್ಲ. ಸಾಮಾನ್ಯವಾಗಿ ನೆಲ ಯಾರದ್ದೋ ಒಳಗಿನ ಖನಿಜವೂ ಅವರದ್ದೇ. ಆದರೆ ಸರಿಯಾದ ಕಾನೂನು ಕ್ರಮದಿಂದ ಆ ಹಕ್ಕನ್ನು ಮಾಲೀಕನಿಂದ ತೆಗೆದಿದ್ದರೆ ಮಾತು ಬೇರೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಬಗ್ಗೆಯೂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಆ ಕಾಯ್ದೆ ಗಣಿಗಾರಿಕೆಯನ್ನು ಹತೋಟಿಯಲ್ಲಿಡುತ್ತದೆ, ಖನಿಜದ ಒಡೆತನ ಯಾರದ್ದು ಎಂದು ಅದು ಹೇಳುವುದಿಲ್ಲ. ನೋಡಿದರೆ 1960ರ ಖನಿಜ ನಿಯಮಗಳಲ್ಲಿ ಒಂದು ಅಧ್ಯಾಯವೇ ಇತ್ತು, ಖನಿಜ ಸರ್ಕಾರದ್ದಲ್ಲದ ಜಮೀನಿನಲ್ಲಿ ಗುತ್ತಿಗೆ ಹೇಗೆ ಪಡೆಯಬೇಕು ಎಂಬುದಕ್ಕೆ. ಎಲ್ಲವೂ ಸರ್ಕಾರದ್ದೇ ಆಗಿದ್ದರೆ ಆ ಅಧ್ಯಾಯ ಯಾಕೆ ಬೇಕಿತ್ತು?

ಇದರ ಹಿಂದೆ 1972ರ ಇನ್ನೊಂದು ತೀರ್ಪೂ ಇದೆ, ಬಾಲ್ಮಡೀಸ್ ಪ್ಲಾಂಟೇಶನ್ಸ್ ಪ್ರಕರಣ. ಅದು ತಮಿಳುನಾಡಿನ ಗೂಡಲೂರಿನ ಜನ್ಮಂ ಎಸ್ಟೇಟುಗಳದ್ದು. ಗೂಡಲೂರು ನಮಗೆ ದೂರವೇನಲ್ಲ, ಅಲ್ಲಿಯೂ ಕಾಫಿ, ಟೀ ತೋಟಗಳೇ. ಹಾಗಾಗಿ ಕೊಡಗಿನ ತೋಟದವರಿಗೆ ಈ ತೀರ್ಪುಗಳು ಹತ್ತಿರದವು ಅನ್ನಿಸುವುದು ಸಹಜ.

ಅಲ್ಲೇ ಒಂದು ಎಡವಟ್ಟು. ಮಲಬಾರಿನ ಜನ್ಮಿಯೂ ನಮ್ಮ ಜಮ್ಮಾ ಹಿಡುವಳಿದಾರನೂ ಒಂದೇ ಎಂದು ಕೆಲವರು ವಾದಿಸುತ್ತಾರೆ. ಮಲಬಾರಿನ ಜನ್ಮಿ ಪೂರ್ತಿ ಒಡೆಯ ಎಂದು ಕೋರ್ಟುಗಳು ಒಪ್ಪಿದ್ದವು. ಕೊಡಗಿನ ಜಮ್ಮಾ ಹಾಗೆ ಬಂದದ್ದಲ್ಲ. ಅದು ರಾಜರ ಕಾಲದ ವಂಶಪಾರಂಪರ್ಯ ಹಿಡುವಳಿ, ಪೂರ್ತಿ ಕಂದಾಯ ಕಟ್ಟುವ ಸಾಗು ಜಮೀನಿಗೆ ಹೋಲಿಸಿದರೆ ಅರ್ಧ ಕಂದಾಯ. 1899ರ ಕೊಡಗು ಭೂ ಕಂದಾಯ ರೆಗ್ಯುಲೇಶನ್ ಅದಕ್ಕೆ ತನ್ನದೇ ಷರತ್ತು ಬರೆದಿತ್ತು. ಮಲಬಾರಿನ ತೀರ್ಪನ್ನು ಹಾಗೇ ಎತ್ತಿ ಇಲ್ಲಿ ಇಡಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಭೂ ಕಂದಾಯ ಕಾಯ್ದೆಯಲ್ಲೇ ಇದೆ, 1964ರದ್ದು. ಅದರ ಸೆಕ್ಷನ್ 70 ಗಣಿ ಮತ್ತು ಖನಿಜದ ಹಕ್ಕು ರಾಜ್ಯ ಸರ್ಕಾರಕ್ಕೆ ಸೇರಿದ್ದು ಎನ್ನುತ್ತದೆ. ಮಂಜೂರಾತಿಯ ಷರತ್ತಿನಲ್ಲಿ ಬೇರೆ ಥರ ಬರೆದಿದ್ದರೆ ಅದಕ್ಕೆ ವಿನಾಯಿತಿ. ಗ್ರಾಮ ಆಡಳಿತ ಅಧಿಕಾರಿ ಹೇಳಿದ ಮಾತಿಗೆ ಬುಡ ಇಲ್ಲಿದೆ. ಮಾಲೀಕ ತ್ರೇಸಿಯಮ್ಮ ತೀರ್ಪು ಹಿಡಿದು ಹೋದರೆ, ಕೋರ್ಟ್ ಹೇಳಿದ "ಸರಿಯಾದ ಕಾನೂನು ಕ್ರಮ" ಇದೇ ನೋಡಿ ಎಂದು ಸರ್ಕಾರಿ ವಕೀಲರು ಸೆಕ್ಷನ್ 70 ತೋರಿಸುತ್ತಾರೆ. ಮಾಲೀಕನ ಕಡೆಯವರು 1964ಕ್ಕಿಂತ ಹಿಂದಿನ ಹಕ್ಕುಪತ್ರ ತೆಗೆದು, ಇದು ಮೊದಲೇ ನಮ್ಮ ಕೈಯಲ್ಲಿದ್ದ ಹಕ್ಕು ಎನ್ನಬೇಕಾಗುತ್ತದೆ. ಕೊನೆಗೆ ಎಲ್ಲವೂ ಹಳೆಯ ಕಾಗದಕ್ಕೇ ಬಂದು ನಿಲ್ಲುತ್ತದೆ.

ಕೊಡಗಿನವರಿಗೆ ಇದು ಹೊಸದೇನೂ ಅಲ್ಲ. ಮರದ ವಿಷಯದಲ್ಲಿ ತಲೆತಲಾಂತರದಿಂದ ಹೀಗೇ ನಡೆದಿದೆ. ಅನ್‌ರಿಡೀಮ್ಡ್ ಜಾಗದಲ್ಲಿ ನೆಲ ನಮ್ಮದು, ಮರ ಸರ್ಕಾರದ್ದು. ಮರದ ಬೆಲೆ ಕಟ್ಟಿದ ಮೇಲೆ ಅದು ರಿಡೀಮ್ಡ್. ತೋಟ ಕೊಳ್ಳುವಾಗ ಇದನ್ನು ಕೇಳದೆ ಯಾರೂ ಮುಂಗಡ ಕೊಡುವುದಿಲ್ಲ. ನೆಲ ಒಬ್ಬರದ್ದು, ಅದರ ಮೇಲಿರುವುದು ಇನ್ನೊಬ್ಬರದ್ದು ಎಂಬುದನ್ನು ಒಪ್ಪುವ ನಾವು, ಅಡಿಯಲ್ಲಿರುವುದು ಬಂದಾಗ ಮಾತ್ರ ಒಂದೇ ಪದದ ಉತ್ತರ ಬಯಸುತ್ತೇವೆ. ಅಂದ ಹಾಗೆ, ಯಜಮಾನರ ಸಾಗು ಜಾಗ ರಿಡೀಮ್ಡ್. ಅದನ್ನು ಹಿಡಿದು "ಹಾಗಾದರೆ ಕಲ್ಲಿಗೂ ಕಟ್ಟಿದ ಹಾಗೆ ಆಯ್ತಲ್ವಾ?" ಎಂದು ಅವರ ಮಗ ಕೇಳಿದ. ಆಗುವುದಿಲ್ಲ. ಕಟ್ಟಿದ್ದು ಮರಕ್ಕೆ ಮಾತ್ರ.

ಕಾಗದ ಬಿಚ್ಚಿದಾಗ

ಯಜಮಾನರು ಒಂದು ಟ್ರಂಕು ತುಂಬ ಕಾಗದ ತಂದಿದ್ದರು. ಆರ್‌ಟಿಸಿ, ಹಳೆಯ ಜಮಾಬಂದಿ ನಕಲು, ಅಪ್ಪನ ಕಾಲದ ಕಂದಾಯ ರಸೀದಿ, ಒಂದು ಸಾಗುವಳಿ ಚೀಟಿ. ತೋಟ ಒಂದೇ ಬೇಲಿಯೊಳಗಿದೆ. ಕಾಗದದಲ್ಲಿ ಮಾತ್ರ ಅದು ಮೂರು ನಂಬರು.

ಮೊದಲನೆಯದು ಸಾಗು. ಪೂರ್ತಿ ಕಂದಾಯ ಕಟ್ಟುತ್ತಾ ಬಂದ ಕಾಫಿ ಜಾಗ, ಹಕ್ಕು 1964ಕ್ಕಿಂತ ತುಂಬ ಹಿಂದಿನದು. ಕಲ್ಲು ನಮ್ಮದು ಎಂದು ವಾದ ಮಾಡಲು ಯಜಮಾನರಿಗೆ ಗಟ್ಟಿ ನೆಲ ಇರುವುದು ಇಲ್ಲೇ. ಸೆಕ್ಷನ್ 70 ಎದುರಾಗುತ್ತದೆ, ಆದರೂ ಹೇಳಲು ಮಾತಿದೆ.

ಎರಡನೆಯದು ಗದ್ದೆಗೆ ಸೇರಿದ ಬಾಣೆ. ಹೊರಗಿನವರಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟ. ಗದ್ದೆ ಮಾಡುವವನಿಗೆ ದನ ಮೇಯಿಸಲು, ಸೊಪ್ಪು ಸೌದೆ ತರಲು, ಮನೆ ಬಳಕೆಗೆ ಮರ ಕಡಿಯಲು ಕಂದಾಯ ಇಲ್ಲದೆ ಬಿಟ್ಟುಕೊಟ್ಟ ಗುಡ್ಡ ಬಾಣೆ. ಅದು ಗದ್ದೆಗೆ ಅಂಟಿಕೊಂಡೇ ಇರಬೇಕು, ಬೇರೆ ಮಾಡಿ ಮಾರುವ ಹಾಗಿರಲಿಲ್ಲ. 1964ರ ಕಾಯ್ದೆ ಬಂದಾಗಲೂ ಸೆಕ್ಷನ್ 79ರಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಹಾಡಿಗಳ ಜೊತೆ ಕೊಡಗಿನ ಜಮ್ಮಾ, ಬಾಣೆಯನ್ನೂ ಸೇರಿಸಿದರು. ಹಿಂದಿನಿಂದ ಅನುಭವಿಸುತ್ತಿದ್ದ ಸವಲತ್ತು ಮುಂದುವರಿಯಲಿ ಎಂದರು. ಬಾಣೆ ಬರೀ ಸವಲತ್ತೋ, ಪೂರ್ತಿ ಒಡೆತನವೋ ಎಂಬ ಜಗಳ ಹೈಕೋರ್ಟಿನ ತನಕ ಹೋಗಿದೆ, ದಶಕಗಳು ಕಳೆದಿವೆ. ಅದರಲ್ಲೂ ಜಮ್ಮಾ ಬಾಣೆಯವರ ಹೋರಾಟದಿಂದ ಕಂದಾಯ ಕಾಯ್ದೆಗೆ ತಿದ್ದುಪಡಿಯೇ ಬಂತು. ಯಜಮಾನರ ಬಾಣೆ ಜಮ್ಮಾದ್ದೂ ಅಲ್ಲ. ಅಲ್ಲಿ ಕಾಫಿ ಹಾಕಿ ಎಷ್ಟೋ ವರ್ಷ ಆಗಿದೆ. ಆದರೆ ಸೊಪ್ಪು ಸೌದೆಗೆಂದು ಕೊಟ್ಟ ಗುಡ್ಡದ ಹೊಟ್ಟೆಯೊಳಗಿನ ಕಲ್ಲೂ ನನ್ನದು ಎಂದು ಹೇಳಲು ತುಂಬಾ ಧೈರ್ಯ ಬೇಕು.

ಮೂರನೆಯದು ಒಂದು ಎಕರೆಗೂ ಕಡಿಮೆ. ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಅಪ್ಪ ಕಾಫಿ ಹಾಕಿದ್ದರು, ಆಮೇಲೆ ನಮೂನೆ 50ರಲ್ಲಿ ಅರ್ಜಿ ಕೊಟ್ಟು ಅಕ್ರಮ ಸಕ್ರಮದಲ್ಲಿ ಮಂಜೂರಾಯಿತು. ಸಾಗುವಳಿ ಚೀಟಿಯನ್ನು ಯಜಮಾನರು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡಿದ್ದರು. ಹಿಂಬದಿಯ ಷರತ್ತುಗಳನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ವ್ಯವಸಾಯಕ್ಕೆ ಮಾತ್ರ ಬಳಸಬೇಕು ಎಂದು ಅಲ್ಲಿದೆ. ಇಲ್ಲಿ ಕಲ್ಲು ಒಡೆದರೆ ಕಲ್ಲಿನ ಮಾತು ಹಾಗಿರಲಿ, ಮಂಜೂರಾದ ನೆಲವೇ ಕೈ ಬಿಟ್ಟು ಹೋಗಬಹುದು.

ಇನ್ನು ಬಂಡೆಯ ಬುಡದಲ್ಲಿ ಒಂದು ತೋಡು ಹರಿಯುತ್ತದೆ. ಅದರ ತಳ ಯಾರ ನಂಬರಿನಲ್ಲೂ ಇಲ್ಲ. ಭೂ ಕಂದಾಯ ಕಾಯ್ದೆಯ ಸೆಕ್ಷನ್ 67ರ ಪ್ರಕಾರ ಹೊಳೆ, ಹಳ್ಳ, ತೋಡಿನ ತಳ ಸರ್ಕಾರದ್ದು. ಮಳೆಗಾಲ ಮುಗಿದ ಮೇಲೆ ಮನೆ ಕೆಲಸಕ್ಕೆಂದು ಅಲ್ಲಿಂದ ಮರಳು ಎತ್ತುವುದು ಊರಿನಲ್ಲಿ ವಾಡಿಕೆ. ಅದನ್ನು ಮಾರಿದರೆ ಗಣಿ ಕಾಯ್ದೆ ಒಂದೇ ಅಲ್ಲ, ಕಳ್ಳತನದ ಕೇಸೂ ಹಾಕಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಸಂಜಯ್ ಪ್ರಕರಣದಲ್ಲಿ ಹೇಳಿದೆ.

ಹೀಗೆ ಬಂಡೆ ಒಂದೇ, ಉತ್ತರ ಮಾತ್ರ ನಂಬರಿಗೊಂದು. ಎಷ್ಟು ಭಾಗ ಯಾವ ನಂಬರಿನಲ್ಲಿದೆ ಎಂದು ಕೇಳಿದೆ. ಯಜಮಾನರಿಗೆ ಗೊತ್ತಿಲ್ಲ. ಕ್ರಷರ್‌ನವರಿಗೂ ಗೊತ್ತಿಲ್ಲ. ಕರಾರಿನ ಕರಡಿನಲ್ಲಿ ಬರೆದದ್ದು ಸಾಗು ನಂಬರು ಒಂದನ್ನೇ.

ಒಡೆತನ ಇದ್ದರೂ ಹಾರೆ ಎತ್ತುವ ಹಾಗಿಲ್ಲ

ಒಂದು ಕ್ಷಣ ಬಂಡೆ ಪೂರ್ತಿ ಯಜಮಾನರದ್ದೇ ಎಂದುಕೊಳ್ಳೋಣ. ಆಗಲೂ ಒಡೆದು ಮಾರಲು ಬರುವುದಿಲ್ಲ. ತ್ರೇಸಿಯಮ್ಮ ತೀರ್ಪನ್ನು ಓದದೆ ಫಾರ್ವರ್ಡ್ ಮಾಡುವವರು ತಪ್ಪುವುದು ಇಲ್ಲೇ. ಕಲ್ಲು, ಮರಳು, ಮುರಕಲ್ಲು ಇವೆಲ್ಲ ಉಪಖನಿಜ. ಅದಕ್ಕೆ ನಿಯಮ ಮಾಡುವ ಅಧಿಕಾರವನ್ನು 1957ರ ಕಾಯ್ದೆ ರಾಜ್ಯಕ್ಕೆ ಕೊಟ್ಟಿದೆ. ನಮ್ಮಲ್ಲಿ 1994ರ ಉಪಖನಿಜ ನಿಯಮಗಳಿವೆ. ಪಟ್ಟಾ ಜಮೀನಾದರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಗುತ್ತಿಗೆ ಬೇಕು, ಸಾಗಿಸಲು ಪರ್ಮಿಟ್ ಬೇಕು. ವ್ಯವಸಾಯದ ಜಮೀನಾದ್ದರಿಂದ ಭೂ ಪರಿವರ್ತನೆಯ ಪ್ರಶ್ನೆಯೂ ಬರುತ್ತದೆ. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, "ಸಣ್ಣದು ಬಿಡಿ ಸಾರ್" ಎಂಬ ಮಾತಿಗೆ ಬೆಲೆಯಿಲ್ಲ.

ಅನುಮತಿಯಿಲ್ಲದೆ ತೆಗೆದರೆ ಐದು ವರ್ಷದ ತನಕ ಜೈಲು, ಹೆಕ್ಟೇರಿಗೆ ಐದು ಲಕ್ಷದ ತನಕ ದಂಡ. ಇದು 1957ರ ಕಾಯ್ದೆಯ ಸೆಕ್ಷನ್ 21. ಅದೇ ಸೆಕ್ಷನ್ನಿನ ಐದನೇ ಉಪವಿಧಿ ಇನ್ನೂ ಖಾರ. ತೆಗೆದ ಖನಿಜವನ್ನು ಅಥವಾ ಅದರ ಪೂರ್ತಿ ಬೆಲೆಯನ್ನು ಸರ್ಕಾರ ವಸೂಲಿ ಮಾಡಬಹುದು. ಅಲ್ಲಿ ಬರೆದಿರುವುದು "ಯಾವುದೇ ಜಮೀನಿನಿಂದ" ಎಂದು. ಸ್ವಂತ ಜಮೀನು ಎಂಬ ಮಾತಿಗೆ ಅಲ್ಲಿ ರಿಯಾಯಿತಿ ಇಲ್ಲ.

ರಾಜಧನದ ಮಾತು ಸ್ವಲ್ಪ ಸ್ವಾರಸ್ಯದ್ದು. 2013ರಲ್ಲಿ ಕೋರ್ಟ್ ಖನಿಜ ಮಾಲೀಕರದ್ದು ಎಂದರೂ, ಅವರು ರಾಜಧನ ಕಟ್ಟಬೇಕೋ ಬೇಡವೋ ಎಂಬುದನ್ನು ಹಾಗೇ ಬಿಟ್ಟಿತು. ರಾಜಧನ ಎಂದರೆ ತೆರಿಗೆಯೇ ಎಂಬ ಪ್ರಶ್ನೆ ಆಗ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದಿತ್ತು. ಅದಕ್ಕೆ ಉತ್ತರ ಬಂದದ್ದು 2024ರ ಜುಲೈ 25ಕ್ಕೆ. ಎಂಟು ಜನ ಒಂದು ಕಡೆ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ ಇನ್ನೊಂದು ಕಡೆ. ರಾಜಧನ ತೆರಿಗೆಯಲ್ಲ, ಗುತ್ತಿಗೆ ಪಡೆದವನು ಗುತ್ತಿಗೆ ಕೊಟ್ಟವನಿಗೆ ಕರಾರಿನ ಪ್ರಕಾರ ಕೊಡುವ ಹಣ ಎಂದಿತು ಬಹುಮತ. ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಬೇರೆಯೇ ಇದೆ ಎಂದೂ ಹೇಳಿತು. ಹಾಗಾದರೆ ಕಲ್ಲು ನನ್ನದೇ ಆದಾಗ ಸರ್ಕಾರ ಕೊಟ್ಟದ್ದಾದರೂ ಏನು ಎಂದು ಮಾಲೀಕ ಕೇಳಬಹುದು. ವಾದ ಚೆನ್ನಾಗಿದೆ. ಆದರೆ ರಾಜಧನ ಕಟ್ಟದೆ ಪರ್ಮಿಟ್ ಸಿಗುವುದಿಲ್ಲ, ಪರ್ಮಿಟ್ ಇಲ್ಲದೆ ಟಿಪ್ಪರ್ ರಸ್ತೆಗೆ ಇಳಿಯುವುದಿಲ್ಲ. ಈ ವಾದ ಗೆಲ್ಲುವ ತನಕ ಕೋರ್ಟಿನಲ್ಲಿ ಕಾಯಲು ಕ್ರಷರ್‌ನವರಿಗೆ ಶಕ್ತಿ ಇದೆ. ಯಜಮಾನರಿಗೆ ಇಲ್ಲ.

ಮನೆಯವರು ಇನ್ನೂ ಏನೇನೋ ಕೇಳಿದರು. ಲೈನ್‌ಮನೆ (ತೋಟದ ಕೆಲಸದವರ ಮನೆ ಸಾಲು) ಕಟ್ಟಲು ಜೆಸಿಬಿಯಲ್ಲಿ ಮಣ್ಣು ತೆಗೆದು ಪಕ್ಕಕ್ಕೆ ತುಂಬಿಸಿದ್ದೇವೆ, ಅದೂ ತಪ್ಪಾ? ಮನೆಯ ಅಡಿಪಾಯಕ್ಕೆ ತೆಗೆದ ಮಣ್ಣನ್ನು ಅದೇ ಜಾಗದಲ್ಲಿ ಬಳಸಿದರೆ ಅದು ಉಪಖನಿಜದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಧಾಟಿಯಲ್ಲಿ ಪುಣೆಯ ಬಿಲ್ಡರುಗಳ ಪ್ರಕರಣದಲ್ಲಿ 2014ರಲ್ಲಿ ತೀರ್ಪಾಗಿದೆ. ಮಣ್ಣು ಮಾರಿದರೆ ಬೇರೆ ಮಾತು. ಹರಳು ಕಲ್ಲು ಸಿಕ್ಕಿದರೆ? ಹರಳು ಕಲ್ಲಿನ ದಂಧೆಗೆ ಹೆಸರಾದ ಕೂಜಿಮಲೆ, ನಿಶಾನೆ ಮೊಟ್ಟೆಯ ಹೆಸರು ಕೇಳಿದವರೆಲ್ಲ ಇದನ್ನು ಕೇಳುತ್ತಾರೆ. ಅದು ಕಾಡಿನೊಳಗಿನ ದಂಧೆ, ಅರಣ್ಯ ಕಾನೂನಿನ ಅಪರಾಧ. ತೋಟದ ಪ್ರಶ್ನೆಗೆ ಅಲ್ಲಿಂದ ಉತ್ತರ ಸಿಗುವುದಿಲ್ಲ.

ಕರಾರಿನ ಕರಡು

ನಾಲ್ಕು ಪುಟದ ಕರಡು, ಇ-ಸ್ಟಾಂಪ್ ಪೇಪರಿನಲ್ಲಿ ನೋಟರಿ ಮಾಡಿಸಿದರೆ ಸಾಕು ಎಂದಿದ್ದರು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹತ್ತು ವರ್ಷದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿಸದೆ ಮುಗಿಸುವ ಆತುರ ಯಾಕೆ ಎಂದು ನನಗೆ ಮೊದಲು ಅನ್ನಿಸಿತು. ಏಳನೇ ಕಲಂ ಓದಿದ ಮೇಲೆ ಗೊತ್ತಾಯಿತು. ಅಲ್ಲಿ ಹೀಗಿತ್ತು: ಜಮೀನು ಮತ್ತು ಖನಿಜದ ಒಡೆತನ ಒಂದನೇ ಪಾರ್ಟಿಯದ್ದು, ಆದ್ದರಿಂದ ಸರ್ಕಾರಕ್ಕೆ ಸಂಬಂಧಿಸಿದ ಎಲ್ಲ ಹೊಣೆಯೂ ಒಂದನೇ ಪಾರ್ಟಿಯದ್ದೇ. ಅಂದರೆ ಕಲ್ಲು ನಿಮ್ಮದೇ ಎಂದು ಅಷ್ಟು ಪ್ರೀತಿಯಿಂದ ಹೇಳಿದ್ದರ ಅರ್ಥ ಇದು. ಕೇಸು ಬಿದ್ದರೆ ಕಲ್ಲಿನ ಮಾಲೀಕರು ಯಜಮಾನರು. ಲಾಭ ಬಂದರೆ ಕಲ್ಲು ಲೋಡಿನ ಲೆಕ್ಕ.

ಊರಿನ ಹೆಸರು ಕೇಂದ್ರದ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿತ್ತು. 2024ರ ಜುಲೈ 31ರಂದು ಆರನೇ ಸಲ ಬಂದ ಕರಡು ಅದು. ರಾಜ್ಯ ಸರ್ಕಾರ ಅದನ್ನು ಒಪ್ಪಿಲ್ಲ, ನಮ್ಮ ಜಿಲ್ಲೆಯಲ್ಲೂ ಜೋರು ವಿರೋಧವಿದೆ. ಆದರೆ ಅದು ಅಂತಿಮವಾದರೆ ಹೊಸ ಕ್ವಾರಿ ಇಲ್ಲ, ಇರುವ ಕ್ವಾರಿಯೂ ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ ಮುಚ್ಚಬೇಕು. ಹತ್ತು ವರ್ಷದ ಕರಾರಿನಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಪುಷ್ಪಗಿರಿ ವನ್ಯಜೀವಿ ಧಾಮದ ಗಡಿಯೂ ಆ ಕಡೆಗೇ ಇದೆ. ಧಾಮದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಈ ತೋಟ ಆ ಗೆರೆಯ ಹೊರಗಿದೆ.

ತಮ್ಮನ ಮಾತಿಗೆ ಬರುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ) ಮಾಡಿಸಿದ್ದಾರೆ, ಪಾಲು ಆಗಿಲ್ಲ. ಹಾಗಾಗಿ ಅಣ್ಣನೊಬ್ಬನ ಸಹಿ ಸಾಲುವುದಿಲ್ಲ ಎಂದು ತಮ್ಮ ಹೇಳಿದ್ದು ಸರಿ. ಆದರೆ ಅವನೂ ಒಬ್ಬರನ್ನು ಬಿಟ್ಟಿದ್ದ. ಶನಿವಾರಸಂತೆ ಕಡೆ ಮದುವೆಯಾಗಿ ಹೋದ ಅಕ್ಕ ಇದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ಮೇಲೆ ಮಗಳ ಪಾಲು ಮಗನಷ್ಟೇ. ಬಂಡೆಯ ಮಾತು ಅವರ ಕಿವಿಗೆ ಬಿದ್ದದ್ದು ಒಂದು ಮದುವೆ ಮನೆಯಲ್ಲಿ, ಬೇರೆಯವರಿಂದ. "ಕಲ್ಲಾದ್ರೂ ಸಿಕ್ತಲ್ಲ, ನಾನು ನೆನಪಾಗೋಕೆ" ಅಂದರಂತೆ.

ಆಮೇಲೆ ಏನಾಯಿತು

ಯಜಮಾನರು ಮುಂಗಡ ತೆಗೆದುಕೊಳ್ಳಲಿಲ್ಲ. ನಾನು ಹೇಳಿದ್ದು ಮೂರೇ ಕೆಲಸ. ಮೊದಲು ಹದ್ದುಬಸ್ತಿಗೆ ಅರ್ಜಿ ಕೊಡಿ, ಬಂಡೆ ಯಾವ ನಂಬರಿನಲ್ಲಿ ಎಷ್ಟಿದೆ ಎಂದು ಗೊತ್ತಾಗಲಿ. ಅಕ್ಕನನ್ನೂ ಕೂರಿಸಿಕೊಂಡು ಪಾಲಿನ ಮಾತು ಮುಗಿಸಿ. ಇದೆರಡೂ ಆದ ಮೇಲೂ ಕ್ವಾರಿ ಬೇಕೆನಿಸಿದರೆ ಇಲಾಖೆಯ ಗುತ್ತಿಗೆ ಮೊದಲು ಬರಲಿ, ಕರಾರು ಆಮೇಲೆ. ಏಳನೇ ಕಲಂ ಇದ್ದ ಯಾವ ಕಾಗದಕ್ಕೂ ಸಹಿ ಬೇಡ.

ಮಗನಿಗೆ ಇದು ಹಿಡಿಸಲಿಲ್ಲ. ಕಾಫಿಗೆ ಒಳ್ಳೆ ರೇಟು ಬಂದಾಗ ಬೆಳೆ ಇರುವುದಿಲ್ಲ, ಬೆಳೆ ಇದ್ದಾಗ ಮಳೆ ಬಿಡುವುದಿಲ್ಲ, ಕಲ್ಲಾದರೂ ಕೈ ಹಿಡಿಯುತ್ತಿತ್ತು ಎಂಬುದು ಅವನ ಲೆಕ್ಕ. ಅವನ ಬೇಸರವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಜಾರಿದ ಗುಡ್ಡದ ಬುಡಕ್ಕೇ ಸಿಡಿಮದ್ದು ಇಡುವ ಮಾತು ಅದು. ಬಂಡೆಯ ಕೆಳಗೆ ಲೈನ್‌ಮನೆಗಳಿವೆ. ಒಡೆತನದ ಪ್ರಶ್ನೆ ಇವರ ಪರವಾಗಿ ತೀರ್ಮಾನವಾದರೂ ನಾನು ಬೇಡ ಎಂದೇ ಹೇಳುತ್ತಿದ್ದೆ.

ಸರ್ವೆಯವರು ಬಂದು ಅಳೆದು ಹೋದರು. ನಕ್ಷೆ ಕೈಗೆ ಬಂದಿದೆ. ಬಂಡೆಯ ದೊಡ್ಡ ಪಾಲು ಬಾಣೆಯಲ್ಲಿದೆ, ಒಂದು ಮೂಲೆ ಮಂಜೂರಾದ ಜಾಗದಲ್ಲಿ. ಸಾಗು ನಂಬರಿಗೆ ಸೇರಿದ್ದು ಮೇಲಿನ ಒಂದು ಅಂಚು ಮಾತ್ರ. ನಕ್ಷೆಯ ಫೋಟೊ ಕಳಿಸಿದ ಮೇಲೆ ಕ್ರಷರ್‌ನವರು ಫೋನ್ ಮಾಡಿಲ್ಲ. ಪಾಲಿನ ಮಾತುಕತೆ ಇನ್ನೂ ನಡೆಯುತ್ತಿದೆ. ಅಕ್ಕ ಬಾಣೆಯ ಕಡೆಯ ಪಾಲು ಬೇಡ, ಗದ್ದೆ ಕೊಡಿ ಎಂದು ಕೇಳಿದ್ದಾರೆ. ಆ ಬಾಣೆ ಸೇರಿರುವುದು ಆ ಗದ್ದೆಗೇ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದುಕೊಡಲು ಬರುತ್ತದೆಯೇ ಎಂದು ಈಗ ಅದನ್ನು ನೋಡುತ್ತಿದ್ದೇವೆ.